ಬ್ಲರ್ಡ್, ಹೇಜಿ, ಡಿಮ್, ವೇಗ್: ಎಲ್ಲವೂ ಬರೀ ‘ಅಸ್ಪಷ್ಟ’ವೇ?

ನೀವು ಕೇಳಿರುವುದು ಇಷ್ಟು: ಬ್ಲರ್ಡ್, ಹೇಜಿ, ಡಿಮ್, ಅಬ್ಸ್‌ಕ್ಯೂರ್, ವೇಗ್, ಆಂಬಿಗ್ಯುಯಸ್, ಯಾವುದನ್ನು ತೆಗೆದರೂ ನಿಘಂಟಿನಲ್ಲಿ ‘ಅಸ್ಪಷ್ಟ’ ಅಂತಲೇ ಇದೆ, ಯಾವುದನ್ನು ಎಲ್ಲಿ ಬಳಸಬೇಕು? ಜೊತೆಗೆ, ಗ್ರಾಹಕರು ಕಳಿಸಿದ ಸ್ಕ್ಯಾನ್ ಓದಲಿಕ್ಕೇ ಆಗದಿದ್ದಾಗ ಮೇಲ್‌ನಲ್ಲಿ ಏನಂತ ಬರೆಯಬೇಕು?

ನಾನು ಇಂಗ್ಲಿಷ್ ಮೇಷ್ಟ್ರಲ್ಲ, ಕಣ್ಣಿನ ಆಸ್ಪತ್ರೆಯಲ್ಲಿ ದೃಷ್ಟಿ ಪರೀಕ್ಷೆ ಮಾಡುವವನು. ಬಂದವರು ‘ಮಂಜು ಮಂಜಾಗಿ ಕಾಣ್ತದೆ’ ಅಂತಾರೆ. ಅದನ್ನು ನಾನು ಕೇಸ್‌ಶೀಟಿನಲ್ಲಿ ಇಂಗ್ಲಿಷಿನಲ್ಲಿ ಬರೆಯಬೇಕು. ಆ ಒಂದೇ ಮಾತಿನ ಹಿಂದೆ ನಾಲ್ಕೈದು ಬಗೆಯ ತೊಂದರೆ ಅಡಗಿರುತ್ತದೆ. ಹಾಗಾಗಿ ನಿಘಂಟಿನ ಅರ್ಥ ನೋಡುವುದು ಬಿಟ್ಟು ಅಡ್ಡಿ ಇರುವುದು ಎಲ್ಲಿ ಅಂತ ಹುಡುಕುವುದು ನನಗೆ ಅಭ್ಯಾಸವಾಗಿದೆ. ನಿಮಗೂ ಅದೇ ದಾರಿ ಹೇಳುತ್ತೇನೆ.

ಅಂಚು ಕಲಸಿಹೋಗಿದ್ದರೆ ಬ್ಲರ್ಡ್. ಬೆಳಕು ಸಾಕಷ್ಟಿದೆ, ನಡುವೆ ಏನೂ ಅಡ್ಡ ಬಂದಿಲ್ಲ, ಆದರೂ ಅಕ್ಷರದ ಗೆರೆ ಪಕ್ಕಕ್ಕೆ ಹರಡಿಕೊಂಡಿದೆ. ಇದನ್ನು ಪರೀಕ್ಷಿಸಲು ನಮ್ಮ ಹತ್ತಿರ ಒಂದು ಕಪ್ಪು ಬಿಲ್ಲೆ ಇದೆ, ಅದರಲ್ಲಿ ಸುಮಾರು 1.2 ಮಿಲಿಮೀಟರ್ ಅಗಲದ ತೂತು. ಅದರ ಮೂಲಕ ಗೋಡೆಯ ಚಾರ್ಟ್ ಓದಿಸುತ್ತೇವೆ. ಮೇಲಿನ ದೊಡ್ಡಕ್ಷರಕ್ಕೇ ತಡವರಿಸುತ್ತಿದ್ದವರು ಥಟ್ಟನೆ ಕೆಳಗಿನ ಎರಡು ಮೂರು ಸಾಲು ಓದಿಬಿಟ್ಟರೆ ಅದು ಬಹುಪಾಲು ಕನ್ನಡಕದಿಂದ ಸರಿಹೋಗುವ ಬ್ಲರ್. ಸಣ್ಣ ತೂತು ಕಿರಿದಾದ ಕಿರಣಗಳನ್ನಷ್ಟೇ ಒಳಗೆ ಬಿಡುವುದರಿಂದ ಹರಡಿದ ಅಂಚು ಚಿಕ್ಕದಾಗುತ್ತದೆ. ಕೈ ಅಲುಗಿ ತೆಗೆದ ಫೋಟೋ ಕೂಡ ಬ್ಲರ್ಡ್, ಅಲ್ಲೂ ಕೆಟ್ಟಿರುವುದು ಅಂಚೇ.

ಆ ತೂತಿನಿಂದ ನೋಡಿದರೂ ಸುಧಾರಿಸದಿದ್ದರೆ ಬೇರೆ ಪದ ಹುಡುಕಬೇಕು. ಕಣ್ಣಿನ ಪೊರೆ ಬಂದವರಿಗೆ ಮಸೂರವೇ ಮಬ್ಬಾಗಿರುತ್ತದೆ, ಬೆಳಕು ಅದರೊಳಗೆ ಚೆದುರುತ್ತದೆ. ರಾತ್ರಿ ಎದುರಿನ ಲಾರಿಯ ಹೆಡ್‌ಲೈಟ್ ಬಿದ್ದರೆ ರಸ್ತೆಯೆಲ್ಲ ಬೆಳ್ಳಗಾಗಿಬಿಡುತ್ತದೆ ಅಂತ ದೂರುವವರು ಇವರೇ. ಇದು ಹೇಜಿ ಅಥವಾ ಕ್ಲೌಡಿ. ವಸ್ತು ಚೆನ್ನಾಗಿದೆ, ನಡುವಿನ ಮಾಧ್ಯಮ ಕೆಟ್ಟಿದೆ.

ಇನ್ನು ಡಿಮ್. ಅಂಚು ಸರಿಯಾಗಿಯೇ ಇರಬಹುದು, ಬೆಳಕೇ ಕಡಿಮೆ. ಕಣ್ಣಿನ ನರಕ್ಕೆ ಉರಿಯೂತವಾದವರು ‘ಬಲ್ಬ್ ಮಂಕಾದ ಹಾಗಿದೆ’ ಅಂತಾರೆ. ಅವರಿಗೆ ಕೆಂಪು ಮುಚ್ಚಳ ಒಂದನ್ನು ಒಂದೊಂದೇ ಕಣ್ಣಿಗೆ ತೋರಿಸುತ್ತೇವೆ. ಒಳ್ಳೆಯ ಕಣ್ಣಿಗೆ ರಕ್ತಗೆಂಪು, ಕೆಟ್ಟ ಕಣ್ಣಿಗೆ ಒಗೆದೊಗೆದು ಬಣ್ಣ ಹೋದ ಬಟ್ಟೆಯ ಹಾಗೆ! ಅದೇ ಮುಚ್ಚಳ, ಅದೇ ಬೆಳಕು. ಇಂಥವರ ಚೀಟಿಯಲ್ಲಿ ಸುಮ್ಮನೆ ‘ಬ್ಲರ್ಡ್ ವಿಷನ್’ ಅಂತ ಗೀಚಿ ಕಳಿಸುವುದು ನನಗಂತೂ ಒಪ್ಪಿಗೆಯಿಲ್ಲ.

ಡಿಮ್ ಪಕ್ಕದಲ್ಲೇ ಫೇಂಟ್ ಇದೆ. ಹಿನ್ನೆಲೆಯಿಂದ ಎದ್ದು ಕಾಣುವಷ್ಟು ಕಸುವಿಲ್ಲದ್ದು ಫೇಂಟ್. ಟೋನರ್ ಮುಗಿಯುತ್ತ ಬಂದಾಗಿನ ಜೆರಾಕ್ಸ್, ಪೆನ್ಸಿಲ್‌ನಲ್ಲಿ ಹಗುರಾಗಿ ಎಳೆದ ಗೆರೆ, ಎಲ್ಲ ಇದೇ.

ಮಂಜಿನ ವಿಷಯದಲ್ಲಿ ಹವಾಮಾನದವರು ನಮಗಿಂತ ಕಟ್ಟುನಿಟ್ಟು. ನೀರಿನ ಹನಿಗಳಿಂದಾಗಿ 1,000 ಮೀಟರ್‌ಗಿಂತ ಆಚೆ ಕಾಣದಿದ್ದರೆ ಫಾಗ್, ಅದಕ್ಕಿಂತ ದೂರ ಕಂಡರೆ ಮಿಸ್ಟ್. ಒಣ ಧೂಳು, ಹೊಗೆಯ ಕಣಗಳಿಂದ ಮಸುಕಾದರೆ ಹೇಜ್. ಸ್ಮೋಕ್, ಫಾಗ್ ಎರಡನ್ನೂ ಕೂಡಿಸಿದ ಸ್ಮಾಗ್ ಎಂಬ ಪದ 1905ರಲ್ಲಿ ಲಂಡನ್ನಿನಲ್ಲಿ ಡಾ. ಡೆ ವೋ ಎಂಬುವರ ಮಾತಿನಿಂದ ಪ್ರಚಾರಕ್ಕೆ ಬಂತು. 1952ರ ಡಿಸೆಂಬರ್‌ನಲ್ಲಿ ಅದೇ ಊರನ್ನು ಅದು ಐದು ದಿನ ಕವಿದು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಬಗ್ಗಡ ನೀರಿಗೆ ಮರ್ಕಿ ಅನ್ನಬಹುದು, ಪ್ರಯೋಗಾಲಯದ ವರದಿಯಲ್ಲಾದರೆ ಟರ್ಬಿಡ್.

ಅಬ್ಸ್‌ಕ್ಯೂರ್ ಬೇರೆ ಜಾತಿ. ಯಾವುದೋ ಒಂದು ಮರೆಯಾಗಿ ನಿಂತಿದೆ ಅಂತ ಅದರ ಭಾವ. ಮರದ ಕೊಂಬೆ ಬೋರ್ಡನ್ನು ಮುಚ್ಚಿದ್ದರೆ ಬೋರ್ಡ್ ಅಬ್ಸ್‌ಕ್ಯೂರ್ಡ್. ಆದರೆ ‘ಅಬ್ಸ್‌ಕ್ಯೂರ್ ವಿಲೇಜ್’ ಅಂದರೆ ಮಂಜು ಕವಿದ ಹಳ್ಳಿ ಅಲ್ಲ, ಯಾರೂ ಹೆಸರು ಕೇಳಿರದ ಹಳ್ಳಿ.

ವೇಗ್, ಆಂಬಿಗ್ಯುಯಸ್ ಕಣ್ಣಿಗಿಂತ ಹೆಚ್ಚಾಗಿ ಮಾತಿಗೆ ಸೇರಿದವು. ಇವೆರಡನ್ನು ಅದಲುಬದಲು ಮಾಡುವವರೇ ಜಾಸ್ತಿ. ‘ಯಾವಾಗಿಂದ ನೋವು?’ ಅಂದರೆ ‘ಸುಮಾರು ದಿನದಿಂದ, ಇಲ್ಲೇ ಎಲ್ಲೋ’ ಅನ್ನುವುದು ವೇಗ್. ಅದಕ್ಕೆ ಎಲ್ಲೆಯೇ ಇಲ್ಲ. ಆಂಬಿಗ್ಯುಯಸ್ ಹಾಗಲ್ಲ, ಅಲ್ಲಿ ಎರಡು ಅರ್ಥ ಇರುತ್ತವೆ, ಎರಡೂ ಸ್ಪಷ್ಟವಾಗಿರುತ್ತವೆ. ‘ಹೊಸ ಅಂಗಡಿಯ ಮಾಲೀಕ’ ಅಂದಾಗ ಹೊಸದು ಅಂಗಡಿಯೋ ಮಾಲೀಕನೋ? ಬೇಕಂತಲೇ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದರೆ ಇಕ್ವಿವೋಕಲ್ ಅನ್ನುವುದುಂಟು. (ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ಈ ಪದ ಕಂಡರೆ ಲ್ಯಾಬಿನವರ ಮೇಲೆ ರೇಗಬೇಡಿ, ಪಾಸಿಟಿವ್ ಅಂತಲೂ ನೆಗೆಟಿವ್ ಅಂತಲೂ ಹೇಳಲಾಗದ ಫಲಿತಾಂಶ ಅಂತ ಅಷ್ಟೇ.)

ಈಗ ನಿಮ್ಮ ಮೇಲ್. ‘ನಾಟ್ ಕ್ಲಿಯರ್’ ಅಂತ ಬರೆದರೆ ಗ್ರಾಹಕರು ಅದೇ ಫೋಟೋವನ್ನು ಮತ್ತೆ ಕಳಿಸುತ್ತಾರೆ, ಏನು ಸರಿಮಾಡಬೇಕು ಅಂತ ಅವರಿಗೆ ಗೊತ್ತಾಗುವುದಿಲ್ಲ. ಕೈ ಅಲುಗಿದ್ದರೆ ಬ್ಲರ್ಡ್ ಅನ್ನಿ, ಫೋನ್ ಗಟ್ಟಿಯಾಗಿ ಹಿಡಿಯುತ್ತಾರೆ. ಮುದ್ರಣ ತೆಳುವಾಗಿದ್ದರೆ ಫೇಂಟ್ ಅನ್ನಿ, ಮೂಲಪ್ರತಿ ಹುಡುಕುತ್ತಾರೆ. ಲ್ಯಾಮಿನೇಷನ್ ಮೇಲೆ ಫ್ಲ್ಯಾಶ್ ಬಿದ್ದು ಹೊಳೆದಿದ್ದರೆ ಗ್ಲೇರ್. ಹೆಬ್ಬೆರಳೋ ಸೀಲೋ ಅಕ್ಷರದ ಮೇಲೆ ಕೂತಿದ್ದರೆ ಅಬ್ಸ್‌ಕ್ಯೂರ್ಡ್. ಕಾರಣ ಯಾವುದೇ ಇರಲಿ, ಅಕ್ಷರ ಗುರುತಿಸಲಾಗದಿದ್ದರೆ ಇಲ್ಲೆಜಿಬಲ್ ಎಂಬ ಪದ ಕಚೇರಿಗಳಲ್ಲಿ ನಡೆಯುತ್ತದೆ. ‘ಅನ್‌ರೀಡಬಲ್’ ಬೇಡ, ಬರವಣಿಗೆಯೇ ಚೆನ್ನಾಗಿಲ್ಲ ಅಂತಲೂ ಅದಕ್ಕೆ ಅರ್ಥ ಬರುತ್ತದೆ. ‘ದ ಸ್ಕ್ಯಾನ್ ಈಸ್ ಬ್ಲರ್ಡ್ ಅಂಡ್ ದ ಡೇಟ್ ಆಫ್ ಬರ್ತ್ ಈಸ್ ಇಲ್ಲೆಜಿಬಲ್’ ಅಂತ ಬರೆದು, ಕೆಳಗೆ ಹೊಸ ಪ್ರತಿ ಕಳಿಸಿ ಅಂತ ಒಂದು ಸಾಲು ಸೇರಿಸಿ.