ಶಿವಮೊಗ್ಗದ ಸಣ್ಣ ಕಬ್ಬು ಬೆಳೆಗಾರರಿಗೆ ಕೃಷಿ ಸಲಹೆ ಸರಿಯಾಗಿ ತಲುಪಬೇಕಾದರೆ ಏನು ಮಾಡಬೇಕು?

ಸಲಹೆ ಗದ್ದೆಗೇ ಬರಬೇಕು. ಹೋಬಳಿಗೊಂದು ರೈತ ಸಂಪರ್ಕ ಕೇಂದ್ರ ಇದೆ, ನಿಜ. ಆದರೆ ಭದ್ರಾವತಿ ಕಡೆ ಎರಡು ಎಕರೆ ಕಬ್ಬು ಹಾಕಿದವರಿಗೆ ಬೇಕಾದದ್ದು ತಮ್ಮಂಥವರ ಜಮೀನಿನಲ್ಲೇ ಒಂದು ಪ್ರಾತ್ಯಕ್ಷಿಕೆ ತಾಕು, ಅಂದರೆ ಹೊಸ ವಿಧಾನವನ್ನು ಬೆಳೆದೇ ತೋರಿಸುವ ಜಾಗ.

ಒಂಟಿ ಕಣ್ಣಿನ ಸಸಿಯನ್ನೇ ನೋಡಿ, ಅಂದರೆ ಒಂದೇ ಮೊಗ್ಗಿರುವ ಕಬ್ಬಿನ ಚೂರಿನಿಂದ ಬೆಳೆಸಿದ ಸಸಿ. ಸಾಲಿಗೆ 5 ಅಡಿ, ಸಸಿಗೆ 2 ಅಡಿ ಬಿಟ್ಟರೆ ಎಕರೆಗೆ ಸುಮಾರು 4,350 ಸಸಿ ಸಾಕು. ಸಸಿ ಬದಲು ಕಬ್ಬಿನ ತುಂಡನ್ನೇ ನೆಟ್ಟರೆ ಟನ್‌ಗಟ್ಟಲೆ ಬಿತ್ತನೆ ಕಬ್ಬು ಬೇಕು. ಇದನ್ನು ಸುಮ್ನೆ ಭಾಷಣದಲ್ಲಿ ಹೇಳಿದರೆ ಯಾರು ನಂಬುತ್ತಾರೆ? ಪಕ್ಕದ ಗದ್ದೆಯಲ್ಲಿ ಬುಡದಲ್ಲಿ ಮರಿ (ಹೊಸ ಚಿಗುರು) ಜಾಸ್ತಿ ಒಡೆದಿದ್ದು ಕಂಡರೆ ತಾವೇ ಬಂದು ಕೇಳುತ್ತಾರೆ.

ಹೊತ್ತೂ ಮುಖ್ಯ. ಕಬ್ಬಿನ ಒಣ ತರಗು ಸುಡದೆ ಕೂಳೆ (ಕಡಿದ ಬುಡದಿಂದ ಮತ್ತೆ ಚಿಗುರುವ ಬೆಳೆ) ಸಾಲಿನ ನಡುವೆ ಹರಡಿದರೆ ತೇವ ಉಳಿಯುತ್ತದೆ, ಕಳೆ ಕಡಿಮೆ. ಇದನ್ನು ಕಟಾವಿನ ವಾರದಲ್ಲೇ ಹೇಳಬೇಕು, ಬೆಂಕಿ ಇಟ್ಟ ಮೇಲಲ್ಲ, ಅಲ್ವಾ? ಇದೇ ಜಿಲ್ಲೆಯ ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯದವರೂ ಆಗಲೇ ಹೊಲಕ್ಕೆ ಇಳಿಯಲಿ.