‘ಮೇಜರ್ ರಿವಿಷನ್’ ಬಂದಿದೆ ಸರ್, ಏನು ಮಾಡಲಿ?

ಪ್ರಶ್ನೆ: ಕಾಳಿ ನದಿ ಸಮುದ್ರ ಸೇರುವ ಕಡೆಯ ಬಳಚಿನ (ತಿನ್ನುವ ಚಿಪ್ಪುಜೀವಿ) ಬಗ್ಗೆ ಪೇಪರ್ ಬರೆದು ಒಂದು ಜರ್ನಲ್‌ಗೆ ಕಳಿಸಿದ್ದೆ. ಐದು ತಿಂಗಳಾದ ಮೇಲೆ ‘ಮೇಜರ್ ರಿವಿಷನ್’, ಅಂದರೆ ದೊಡ್ಡ ತಿದ್ದುಪಡಿ ಮಾಡಿ ಮತ್ತೆ ಕಳಿಸಿ ಅಂತ ಬಂದಿದೆ. ಪೇಪರ್ ಹೆಸರಿನಲ್ಲಿ ‘ಋತುಮಾನದ ಏರಿಳಿತ’ ಅಂತಿದೆ, ಸ್ಯಾಂಪಲ್ ನವೆಂಬರ್‌ನಿಂದ ಮೇ ತನಕದ್ದು ಮಾತ್ರ, ಮಳೆಗಾಲದ್ದು ಎಲ್ಲಿ ಅಂತ ಮೊದಲ ರಿವ್ಯೂವರ್ (ಜರ್ನಲ್ ಪರವಾಗಿ ಪೇಪರ್ ಓದಿ ಅಭಿಪ್ರಾಯ ಹೇಳುವ ತಜ್ಞರು) ಕೇಳಿದ್ದಾರೆ. ಮರಳು ತೆಗೆಯುವುದರ ಬಗ್ಗೆ ಬರೆದ ಭಾಗವನ್ನು ಅವರು ಬೆಳೆಸಿ ಅಂದರೆ, ಎರಡನೆಯವರು ಪೂರ್ತಿ ಕಿತ್ತುಹಾಕಿ ಅಂದಿದ್ದಾರೆ. ಅಷ್ಟರಲ್ಲಿ ಬೇರೆ ಜರ್ನಲ್‌ನಿಂದ ಮೇಲ್ ಬಂದಿದೆ, 4,500 ರೂಪಾಯಿ ಕಟ್ಟಿದರೆ ಏಳು ದಿನದಲ್ಲಿ ಪ್ರಕಟಿಸುತ್ತಾರಂತೆ. ಎರಡೂ ಕಡೆ ಕಳಿಸಬಹುದಾ?
— ಸಂಶೋಧನಾ ವಿದ್ಯಾರ್ಥಿನಿ, ಕಾರವಾರ

ಉತ್ತರ: ಮೊದಲು ಸಮಾಧಾನ ಮಾಡಿಕೊಳ್ಳಿ. ‘ಮೇಜರ್ ರಿವಿಷನ್’ ಅಂದರೆ ರಿಜೆಕ್ಟ್ ಅಲ್ಲ. ಎಡಿಟರ್‌ಗೆ ನಿಮ್ಮ ಪೇಪರ್ ಬೇಡ ಅಂತಿದ್ದರೆ ಬೇಡ ಅಂತಲೇ ಬರೆಯುತ್ತಿದ್ದರು, ಎಷ್ಟೋ ಪೇಪರ್‌ಗಳು ರಿವ್ಯೂವರ್ ತನಕ ಹೋಗದೆ ಎಡಿಟರ್ ಮೇಜಿನಿಂದಲೇ ವಾಪಸ್ ಬರುತ್ತವೆ. ನಿಮ್ಮದು ಬಾಗಿಲು ದಾಟಿದೆ.

ಪತ್ರ ಬಂದ ದಿನವೇ ಉತ್ತರ ಬರೆಯಲು ಕೂರಬೇಡಿ. ಒಂದು ಸಲ ಓದಿ, ಮುಚ್ಚಿಟ್ಟು, ಊಟ ಮಾಡಿ ಮಲಗಿ. ಮೂರು ದಿನ ಬಿಟ್ಟು ತೆಗೆಯಿರಿ. ನಾನು ನನ್ನ ಮೊದಲ ಪೇಪರ್‌ಗೆ ಅದೇ ರಾತ್ರಿ ಎರಡು ಪುಟದ ಖಡಕ್ ಉತ್ತರ ಬರೆದಿದ್ದೆ, ಪುಣ್ಯಕ್ಕೆ ಕರೆಂಟ್ ಹೋಗಿ ಕಳಿಸುವುದು ತಪ್ಪಿತು. ಸಿಟ್ಟು ದೊಡ್ಡವರಿಗೂ ಬರುತ್ತದೆ. 1936ರಲ್ಲಿ ಐನ್‌ಸ್ಟೈನ್ ಮತ್ತು ರೋಸನ್ ಸೇರಿ ಗುರುತ್ವದ ಅಲೆಗಳ ಬಗ್ಗೆ ‘ಫಿಸಿಕಲ್ ರಿವ್ಯೂ’ಗೆ ಪೇಪರ್ ಕಳಿಸಿದ್ದರು. ಎಡಿಟರ್ ಅದನ್ನು ಹೊರಗಿನವರೊಬ್ಬರಿಗೆ ತೋರಿಸಿದ್ದೇ ತಪ್ಪು ಅಂತ ಐನ್‌ಸ್ಟೈನ್ ರೇಗಿ ಪೇಪರ್ ವಾಪಸ್ ಪಡೆದರು. ತಮಾಷೆ ಏನು ಗೊತ್ತಾ, ಆ ರಿವ್ಯೂವರ್ ಹೇಳಿದ್ದೇ ಸರಿಯಿತ್ತು. ಅಂಥ ಅಲೆಗಳೇ ಇಲ್ಲ ಅಂತ ಪೇಪರ್ ವಾದಿಸಿತ್ತು, ಆ ಲೆಕ್ಕದಲ್ಲಿ ತಪ್ಪಿತ್ತು. ಮರುವರ್ಷ ಬೇರೆ ಜರ್ನಲ್‌ನಲ್ಲಿ ಬಂದಾಗ ತೀರ್ಮಾನವೇ ಬದಲಾಗಿತ್ತು.

ಈಗ ನಿಮ್ಮ ಮಳೆಗಾಲಕ್ಕೆ ಬರೋಣ. ಬೇಜಾರು ಮಾಡಿಕೊಳ್ಳಬೇಡಿ, ಇಲ್ಲಿ ನಾನು ರಿವ್ಯೂವರ್ ಪರ. ನಮ್ಮ ಕಡೆ ಅಳಿವೆಯ ನೀರು ಪೂರ್ತಿ ಬದಲಾಗುವುದೇ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕಾಳಿ ಕೆಂಪಾಗಿ ತುಂಬಿ ಬಂದಾಗ ಉಪ್ಪಿನಂಶ ತೀರಾ ಇಳಿಯುತ್ತದೆ, ಬಳಚಿಗೆ ಕಷ್ಟದ ಕಾಲ ಅದೇ. ಆ ನಾಲ್ಕು ತಿಂಗಳು ಬಿಟ್ಟು ‘ಋತುಮಾನ’ ಅಂದರೆ ಓದುವವರು ಒಪ್ಪುತ್ತಾರಾ? ನಿಮ್ಮ ಮುಂದೆ ಎರಡು ದಾರಿ ಇದೆ. ಮಳೆಗಾಲದ ಸ್ಯಾಂಪಲ್ ತೆಗೆಯುವುದಾದರೆ ಎಡಿಟರ್‌ಗೆ ಈಗಲೇ ಬರೆದು ಸಮಯ ಕೇಳಿ. ಗಡುವಿಗೆ ಮುಂಚೆ ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ, ಗಡುವು ದಾಟಿಸಿ ಸುಮ್ನೆ ಕೂತರೆ ಫೈಲೇ ಮುಚ್ಚಿಹೋಗಬಹುದು. ಆಗುವುದಿಲ್ಲ ಅಂದರೆ ಹೆಸರು ಬದಲಿಸಿ, ‘ನವೆಂಬರ್–ಮೇ ಅವಧಿಯಲ್ಲಿ’ ಅಂತ ಹಾಕಿ, ಮಳೆಗಾಲದ ಮಾಹಿತಿ ಇಲ್ಲ ಅಂತ ಪೇಪರ್ ಒಳಗೇ ಒಂದು ಪ್ಯಾರಾ ಬರೆಯಿರಿ, ತೀರ್ಮಾನದಲ್ಲಿ ಇಡೀ ವರ್ಷದ ಮಾತು ಎಲ್ಲೆಲ್ಲಿದೆಯೋ ಅಲ್ಲೆಲ್ಲ ತೆಗೆಯಿರಿ. ನನ್ನನ್ನು ಕೇಳಿದರೆ ಎರಡನೆಯದೇ ಮಾಡಿ. ಮಳೆಗಾಲದ ಕೆಲಸ ಮುಂದಿನ ಪೇಪರ್ ಆಗಲಿ.

ರಿವ್ಯೂವರ್‌ಗಳು ಒಬ್ಬರು ಏರಿಗೆ ಎಳೆದರೆ ಒಬ್ಬರು ನೀರಿಗೆ ಎಳೆಯುವುದು ದಿನನಿತ್ಯದ್ದು. ಎಡಿಟರ್ ತಮ್ಮ ಪತ್ರದಲ್ಲಿ ಏನು ಬರೆದಿದ್ದಾರೆ ಮತ್ತೊಮ್ಮೆ ನೋಡಿ, ಎಷ್ಟೋ ಸಲ ಯಾವ ಕಡೆ ವಾಲಬೇಕು ಅನ್ನುವ ಸುಳಿವು ಅಲ್ಲೇ ಇರುತ್ತದೆ. ಇಲ್ಲದಿದ್ದರೆ ನೀವೇ ತೀರ್ಮಾನಿಸಿ ಕಾರಣ ಬರೆಯಿರಿ. ಮರಳು ತೆಗೆದ ಜಾಗ, ತೆಗೆಯದ ಜಾಗ ಎರಡರಲ್ಲೂ ಬಳಚು ಎಣಿಸಿದ್ದೀರಾ? ಎಣಿಸಿದ್ದರೆ ಆ ಭಾಗ ಇರಲಿ, ಟೇಬಲ್ ಸೇರಿಸಿ ಬೆಳೆಸಿ. ದೋಣಿಯವರು ಹೇಳಿದ್ದನ್ನು ಕೇಳಿ ಬರೆದಿದ್ದು ಅಷ್ಟೇ ಆಗಿದ್ದರೆ ಎರಡು ವಾಕ್ಯಕ್ಕೆ ಇಳಿಸಿ. ದೋಣಿಯವರ ಮಾತು ಸುಳ್ಳು ಅಂತಲ್ಲ, ಈ ಪೇಪರ್‌ನಲ್ಲಿ ಅದನ್ನು ಹೊರುವ ಅಳತೆ ಇಲ್ಲ.

ಉತ್ತರದ ಪತ್ರವನ್ನು ಪೇಪರ್‌ನಷ್ಟೇ ಜತನದಿಂದ ಬರೆಯಬೇಕು. ರಿವ್ಯೂವರ್ ಬರೆದ ಪ್ರತಿ ಮಾತನ್ನೂ ಹಾಗೇ ನಕಲು ಮಾಡಿ, ಕೆಳಗೆ ನಿಮ್ಮ ಉತ್ತರ, ಯಾವ ಪುಟ ಯಾವ ಸಾಲಿನಲ್ಲಿ ಬದಲಿಸಿದ್ದೀರಿ ಅನ್ನುವುದು. ಚಿಕ್ಕ ಕಾಗುಣಿತದ ತಪ್ಪು ಹೇಳಿದ್ದರೂ ಬಿಡಬೇಡಿ. ‘ಒಪ್ಪಿದ್ದೇವೆ, ಸರಿಪಡಿಸಿದ್ದೇವೆ’ ಅಂತ ಬರೆದು ಪೇಪರ್ ಒಳಗೆ ಏನೂ ಮಾಡದೆ ಕಳಿಸುವವರು ಬೇಕಾದಷ್ಟು ಜನ ಇದ್ದಾರೆ, ನಾನು ರಿವ್ಯೂ ಮಾಡುವಾಗ ಮೊದಲು ಹುಡುಕುವುದೇ ಅದನ್ನು. ಒಪ್ಪದ ಕಡೆ ಒಪ್ಪುವುದಿಲ್ಲ ಅಂತಲೇ ಬರೆಯಿರಿ, ಕಾರಣ ಇರಲಿ, ದನಿ ಮಾತ್ರ ಏರುವುದು ಬೇಡ.

ಆ ಏಳು ದಿನದ ಮೇಲ್ ಅಳಿಸಿಹಾಕಿ. ಒಂದು ಪೇಪರ್ ಒಂದು ಕಡೆ ರಿವ್ಯೂನಲ್ಲಿ ಇರುವಾಗ ಇನ್ನೊಂದು ಕಡೆ ಕಳಿಸುವುದು ಅಂದರೆ ಒಂದೇ ಅಡಿಕೆ ರಾಶಿಗೆ ಇಬ್ಬರು ವ್ಯಾಪಾರಿಗಳ ಹತ್ತಿರ ಮುಂಗಡ ತೆಗೆದುಕೊಂಡ ಹಾಗೆ. ಸಿಕ್ಕಿಬಿದ್ದರೆ ಎರಡೂ ಕಡೆ ಹೆಸರು ಹೋಗುತ್ತದೆ. ಅದೂ ಅಲ್ಲದೆ, ಅಲ್ಲಿ ಒಮ್ಮೆ ಅಚ್ಚಾದರೆ ಅದೇ ಕೆಲಸವನ್ನು ಒಳ್ಳೆಯ ಜರ್ನಲ್ ಮತ್ತೆ ತೆಗೆದುಕೊಳ್ಳುವುದಿಲ್ಲ. ವಾಪಸ್ ಕೊಡಿ ಅಂದರೆ ಅದಕ್ಕೂ ದುಡ್ಡು ಕೇಳುವವರಿದ್ದಾರೆ. 2013ರಲ್ಲಿ ‘ಸೈನ್ಸ್’ ಪತ್ರಿಕೆಗಾಗಿ ಪತ್ರಕರ್ತ ಜಾನ್ ಬೊಹಾನನ್ ಬೇಕಂತಲೇ ತಪ್ಪು ತುಂಬಿದ ಪೇಪರ್ ಬರೆದು 304 ಓಪನ್ ಆ್ಯಕ್ಸೆಸ್ (ಯಾರು ಬೇಕಾದರೂ ಪುಕ್ಕಟೆ ಓದಬಹುದಾದ) ಜರ್ನಲ್‌ಗಳಿಗೆ ಕಳಿಸಿದರು, 157 ಜರ್ನಲ್‌ಗಳು ಒಪ್ಪಿಕೊಂಡವು! ಮೇಲ್‌ನಲ್ಲಿ ‘ಯುಜಿಸಿ ಕೇರ್ ಪಟ್ಟಿಯಲ್ಲಿದೆ’ ಅಂತ ಇದ್ದರೂ ನಂಬಬೇಡಿ, ಒಪ್ಪಬಹುದಾದ ಜರ್ನಲ್‌ಗಳ ಆ ಪಟ್ಟಿಯನ್ನು ಯುಜಿಸಿ 2025ರಲ್ಲೇ ನಿಲ್ಲಿಸಿದೆ. ದುಡ್ಡು ಕೇಳಿದ ಮಾತ್ರಕ್ಕೆ ಜರ್ನಲ್ ಕೆಟ್ಟದ್ದಲ್ಲ, ಒಳ್ಳೆಯವೂ ಶುಲ್ಕ ತೆಗೆದುಕೊಳ್ಳುತ್ತವೆ. ಆದರೆ ಪೇಪರ್ ಓದುವ ಮುಂಚೆಯೇ ತಾರೀಖು ಕೊಟ್ಟರೆ ಅಲ್ಲಿ ಓದುವವರು ಯಾರೂ ಇಲ್ಲ ಅಂತಲೇ ಅರ್ಥ.

ಪ್ರಶ್ನೆ: ನಾನು ಕೃಷಿಕ, ಓದಿದ್ದು ಬಿ.ಕಾಂ. 22 ವರ್ಷದಿಂದ ಮನೆಯಲ್ಲೇ ಮಳೆ ಅಳೆದು ಬರೆದಿಟ್ಟಿದ್ದೇನೆ, ತೋಟದ ಹತ್ತಿರದ ಅಪ್ಪೆಮಿಡಿ ಮರಗಳು ಹೂ ಬಿಟ್ಟ ದಿನವೂ ಇದೆ. ನಮ್ಮಂಥವರು ಜರ್ನಲ್‌ಗೆ ಕಳಿಸಬಹುದೇ?
— ಶಿರಸಿ ಸೀಮೆಯ ಓದುಗರು

ಉತ್ತರ: ಖಂಡಿತ ಕಳಿಸಬಹುದು, ಡಿಗ್ರಿ ಕೇಳುವ ನಿಯಮ ಇಲ್ಲ. ಸಂಸ್ಥೆಯ ಹೆಸರು ಕೇಳುವ ಕಡೆ ಸ್ವತಂತ್ರ ಸಂಶೋಧಕ ಅಂತ ಹಾಕಿ ಊರಿನ ವಿಳಾಸ ಕೊಡಿ. ‘ಆರ್ಕಿಡ್’ (ORCID) ಅಂತ ಸಂಶೋಧಕರನ್ನು ಗುರುತಿಸುವ 16 ಅಂಕಿಯ ಸಂಖ್ಯೆ ಪುಕ್ಕಟೆ ಸಿಗುತ್ತದೆ, ಮಾಡಿಸಿಕೊಳ್ಳಿ. ಬರೆದವರ ಹೆಸರು ರಿವ್ಯೂವರ್‌ಗೆ ಕಾಣದ ಹಾಗೆ ಕಳಿಸುವ ಜರ್ನಲ್‌ಗಳಿವೆ, ನಿಮ್ಮಂಥವರಿಗೆ ಅದೇ ಒಳ್ಳೆಯದು.

ಅವರು ಕೇಳುವುದು ಡಿಗ್ರಿಯನ್ನಲ್ಲ, ಅಳತೆಯನ್ನು. ಮಾಪಕ ಯಾವುದು, ಮರದ ನೆರಳಿನಲ್ಲಿ ಇತ್ತಾ ಬಯಲಲ್ಲಿತ್ತಾ, ನಡುವೆ ಜಾಗ ಬದಲಿಸಿದಿರಾ, ದಿನಾ ಎಷ್ಟು ಹೊತ್ತಿಗೆ ಓದಿದಿರಿ. ಹವಾಮಾನ ಇಲಾಖೆ ಬೆಳಿಗ್ಗೆ 8.30ಕ್ಕೆ ಅಳೆಯುತ್ತದೆ, ನೀವು ಹಾಲು ಕರೆದ ಮೇಲೆ 7ಕ್ಕೆ ಅಳೆದಿದ್ದರೆ ತಪ್ಪಲ್ಲ, 7 ಅಂತ ಬರೆಯಬೇಕು ಅಷ್ಟೇ. ಮದುವೆ-ಮುಂಜಿಗೆ ಹೋಗಿ ತಪ್ಪಿದ ದಿನಗಳನ್ನು ಅಂದಾಜಿನಲ್ಲಿ ತುಂಬಬೇಡಿ, ಖಾಲಿ ಬಿಡಿ. ಹಳೆ ಪಟ್ಟಿ ಪುಸ್ತಕಗಳ ಫೋಟೋ ತೆಗೆದಿಡಿ, ಗೆದ್ದಲು ಕಾಯುತ್ತಿರುತ್ತದೆ. ಲೆಕ್ಕಾಚಾರದ ಭಾಗಕ್ಕೆ ಶಿರಸಿಯ ಅರಣ್ಯ ಕಾಲೇಜಿನಲ್ಲಿ ಯಾರನ್ನಾದರೂ ಕೇಳಿ ನೋಡಿ. ಒಂದು ಮಾತು, ಪುಸ್ತಕ ಕೈಗೆ ಕೊಡುವ ಮುಂಚೆಯೇ ಯಾರ ಹೆಸರು ಮೊದಲು ಅನ್ನುವುದನ್ನು ಮಾತಾಡಿಕೊಳ್ಳಿ. ಆಮೇಲೆ ಮಾತಾಡುವುದು ಕಷ್ಟ, ಗೆಳೆತನವೂ ಹಾಳು.

ಪ್ರಶ್ನೆ: ರಿವ್ಯೂವರ್‌ಗಳಿಗೆ ದುಡ್ಡು ಕೊಡುತ್ತಾರಾ? ಇಷ್ಟು ತಿಂಗಳು ಯಾಕೆ ಬೇಕು?
— ಅಂಕೋಲಾ

ಉತ್ತರ: ಹೆಚ್ಚಿನ ಜರ್ನಲ್‌ಗಳು ಕೊಡುವುದಿಲ್ಲ. ಪ್ರಕಾಶಕರು ಲಾಭ ಮಾಡಿಕೊಂಡರೂ ಓದುವ ಕೆಲಸ ಬಿಟ್ಟಿ, ನನಗೂ ಇದು ಸರಿ ಅನ್ನಿಸುವುದಿಲ್ಲ. ಎಡಿಟರ್ ಒಬ್ಬೊಬ್ಬರನ್ನೇ ಕೇಳುತ್ತಾ ಹೋಗಬೇಕು, ಕೆಲವರು ಆಗುವುದಿಲ್ಲ ಅಂತಾರೆ, ಕೆಲವರು ಉತ್ತರವನ್ನೇ ಕೊಡುವುದಿಲ್ಲ, ಒಪ್ಪಿಕೊಂಡವರು ಪಾಠ, ಪರೀಕ್ಷೆ, ಮನೆ ಕೆಲಸ ಎಲ್ಲ ಮುಗಿಸಿ ರಾತ್ರಿ ಓದಬೇಕು. ಅಲ್ಲೇ ತಿಂಗಳು ಕಳೆಯುವುದು. ನನ್ನ ಹತ್ತಿರವೂ ಒಂದು ಬಾಕಿ ಇದೆ, ಗಡುವು ಮೊನ್ನೆಗೇ ಮುಗಿದಿದೆ, ಅದನ್ನು ಬಿಟ್ಟು ಇಲ್ಲಿ ಕೂತು ನಿಮಗೆ ಉತ್ತರ ಬರೆಯುತ್ತಿದ್ದೇನೆ.