ವಾಹನ ಪ್ರಶ್ನೋತ್ತರ: ಕಡಲು ದಾಟುವ ಕಾರಿಗೆ ಎಷ್ಟು ಸುಂಕ, ಎಷ್ಟು ಖರ್ಚು?

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರಿಂದ ಬಂದ ಪತ್ರಗಳಲ್ಲಿ ದ್ವೀಪಗಳಿಗೆ ಹೊರಟವರ, ದ್ವೀಪಗಳಿಂದ ಊರಿಗೆ ಮರಳುವವರ ಪ್ರಶ್ನೆಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಾನು ರಾಷ್ಟ್ರೀಕೃತ ಬ್ಯಾಂಕಿನ ಉದ್ಯೋಗಿ. ಮೂರು ವರ್ಷದ ಮಟ್ಟಿಗೆ ಅಂಡಮಾನಿಗೆ ವರ್ಗವಾಗಿದೆ. ಕೆಎ-44 ನೋಂದಣಿಯ ನಾಲ್ಕು ವರ್ಷದ ಪೆಟ್ರೋಲ್ ಕಾರಿದೆ, ಸಾಲದ ಕಂತು ಇನ್ನೂ ಒಂದು ವರ್ಷ ಬಾಕಿ. ಹಡಗಿನಲ್ಲಿ ಒಯ್ದರೆ ಕಸ್ಟಮ್ಸ್ ಸುಂಕ ಎಷ್ಟಾಗುತ್ತದೆ? ಏನೇನು ಕಾಗದ ಬೇಕು?
– ತಿಪಟೂರಿನ ಓದುಗರು

ಉತ್ತರ: ಕಸ್ಟಮ್ಸ್ ಸುಂಕ ಒಂದು ರೂಪಾಯಿಯೂ ಇಲ್ಲ. ಅಂಡಮಾನ್ ಭಾರತದ ಕೇಂದ್ರಾಡಳಿತ ಪ್ರದೇಶ. ಚೆನ್ನೈನಿಂದ ಸುಮಾರು 1,190 ಕಿ.ಮೀ. ಕಡಲು ದಾಟಿದರೂ ಕಾರು ದೇಶದ ಗಡಿ ದಾಟುವುದಿಲ್ಲ. ಯಾವುದಾದರೂ ಏಜೆಂಟರ ಅಂದಾಜುಪಟ್ಟಿಯಲ್ಲಿ ‘ಆಮದು ಸುಂಕ’ ಎಂಬ ಬಾಬ್ತು ಕಂಡರೆ ಆ ಏಜೆಂಟರನ್ನು ಅಲ್ಲಿಗೇ ಬಿಡಿ. ನಿಮ್ಮ ಖರ್ಚು ಇರುವುದು ಮೂರು ಕಡೆ: ಸಾಗಣೆ, ವಿಮೆ, ಮರುನೋಂದಣಿ.

ಮೊದಲು ನೋಂದಣಿಯ ವಿಷಯ. ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಪ್ರಕಾರ, ಒಂದು ರಾಜ್ಯದಲ್ಲಿ ನೋಂದಾಯಿಸಿದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿಯ ನಂಬರು ಪಡೆಯಬೇಕು. ಕೇಂದ್ರಾಡಳಿತ ಪ್ರದೇಶಕ್ಕೂ ಇದೇ ನಿಯಮ. ನಿಮ್ಮದು ಮೂರು ವರ್ಷದ ವಾಸ, ಆದ್ದರಿಂದ ಹೊರಡುವ ಮೊದಲೇ ತಿಪಟೂರು ಆರ್‌ಟಿಒ ಕಚೇರಿಯಿಂದ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ, ಮಾಡಿಸಿಕೊಳ್ಳಿ. ಕಾರು ದ್ವೀಪದಲ್ಲಿದ್ದು ಕಾಗದ ತಿಪಟೂರಿನಲ್ಲಿ ಸಿಕ್ಕಿಹಾಕಿಕೊಂಡರೆ ಪರದಾಟ ತಪ್ಪುವುದಿಲ್ಲ.

ಅರ್ಜಿ ನಮೂನೆ 28ರಲ್ಲಿ. ಪರಿವಾಹನ್ ಜಾಲತಾಣದಲ್ಲಿ ಅರ್ಜಿ ತುಂಬಿ ಶುಲ್ಕ ಕಟ್ಟಿ, ಮುದ್ರಿತ ಪ್ರತಿಗಳ ಮೇಲೆ ಚಾಸಿ ನಂಬರಿನ ಪೆನ್ಸಿಲ್ ಅಚ್ಚು ತೆಗೆದು, ಆರ್‌ಸಿ, ಚಾಲ್ತಿಯಲ್ಲಿರುವ ವಿಮೆ, ಹೊಗೆ ತಪಾಸಣೆ ಪ್ರಮಾಣಪತ್ರ, ತೆರಿಗೆ ರಸೀದಿಗಳ ಜೊತೆ ಕೊಡಬೇಕು. ಸಾಲ ಇರುವುದರಿಂದ ಸಾಲ ಕೊಟ್ಟ ಸಂಸ್ಥೆಯ ಒಪ್ಪಿಗೆ ಪತ್ರವೂ ಬೇಕು. ಅರ್ಜಿಗಳು ಹೆಚ್ಚಾಗಿ ನಿಲ್ಲುವುದು ಇಲ್ಲೇ. ಸಾಲ ತೀರಿದ ಮೇಲೆ ಕೊಡುವ ಪತ್ರವೇ ಬೇರೆ, ಸಾಲ ಇರುವಾಗಲೇ ವಾಹನ ಬೇರೆ ರಾಜ್ಯಕ್ಕೆ ಹೋಗಲು ಕೊಡುವ ಒಪ್ಪಿಗೆಯೇ ಬೇರೆ. ಕೇಳುವಾಗ ಬಿಡಿಸಿ ಹೇಳಿ. ಬಾಕಿ ಇ-ಚಲನ್‌ಗಳಿದ್ದರೆ ಮೊದಲು ಕಟ್ಟಿ ಮುಗಿಸಿ. ಅರ್ಜಿ ಕೊಟ್ಟ 30 ದಿನಗಳೊಳಗೆ ಕೊಡುತ್ತೇವೆಂದೋ ಇಲ್ಲವೆಂದೋ ಅಧಿಕಾರಿ ತಿಳಿಸಬೇಕು, ತಿಳಿಸದಿದ್ದರೆ ಪತ್ರ ಕೊಟ್ಟಂತೆಯೇ ಎಂದು 48ನೇ ಕಲಂ ಹೇಳುತ್ತದೆ. ಆದರೂ ಕೈಯಲ್ಲಿ ಪತ್ರವಿಲ್ಲದೆ ಕಾರನ್ನು ಹಡಗು ಹತ್ತಿಸಬೇಡಿ.

ಅಲ್ಲಿ ತಲುಪಿದ ಮೇಲೆ ನಮೂನೆ 27ರಲ್ಲಿ ಹೊಸ ನಂಬರಿಗೆ ಅರ್ಜಿ, ಅಲ್ಲಿಯ ತೆರಿಗೆ, ವಾಹನ ತಪಾಸಣೆ. ಎಎನ್-01 ಸರಣಿಯ ನಂಬರು ಬರುತ್ತದೆ. ಅದರ ನಂತರದ ಕೆಲಸವನ್ನು ಬಹಳ ಜನ ಮರೆಯುತ್ತಾರೆ: ಕರ್ನಾಟಕದಲ್ಲಿ ನೀವು ಕಟ್ಟಿದ ಆಜೀವ ತೆರಿಗೆಯ ಉಳಿದ ಭಾಗವನ್ನು ವಾಪಸ್ ಕೇಳಬಹುದು. ಹೊಸ ಆರ್‌ಸಿ ಪ್ರತಿ, ಎನ್‌ಒಸಿ ಪ್ರತಿ, ಮೂಲ ತೆರಿಗೆ ರಸೀದಿ ಇಟ್ಟು ತಿಪಟೂರು ಕಚೇರಿಗೇ ಅರ್ಜಿ ಹಾಕಬೇಕು. ವಾಹನಕ್ಕೆ ವಯಸ್ಸಾದಷ್ಟೂ ಮರಳುವ ಪಾಲು ಕುಗ್ಗುತ್ತದೆ. ಐದರಿಂದ ಹತ್ತು ಲಕ್ಷದ ಕಾರಿಗೆ ಇಲ್ಲಿ ಶೇ. 14 ಆಜೀವ ತೆರಿಗೆ, ಅದರ ಮೇಲೆ ಸೆಸ್ ಬೇರೆ. ನಾಲ್ಕು ವರ್ಷದ ಕಾರಿನ ಮಟ್ಟಿಗೆ ಇದು ಬಿಟ್ಟುಬಿಡುವಂಥ ಮೊತ್ತವಲ್ಲ.

ನಿಮಗೆ ಇನ್ನೊಂದು ದಾರಿಯೂ ಇದೆ. ಯಾವ ರಾಜ್ಯಕ್ಕೆ ಹೋದರೂ ಮರುನೋಂದಣಿ ಬೇಡದ ಬಿಎಚ್ (ಭಾರತ್) ನಂಬರಿನ ಸರಣಿ 2021ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು, ಬ್ಯಾಂಕ್ ನೌಕರರು ಅದಕ್ಕೆ ಅರ್ಹರು. 2022ರ ಡಿಸೆಂಬರ್ ತಿದ್ದುಪಡಿಯ ನಂತರ, ಮಾಮೂಲಿ ನಂಬರಿರುವ ಹಳೆಯ ವಾಹನವನ್ನೂ ಈ ಸರಣಿಗೆ ಬದಲಾಯಿಸಿಕೊಳ್ಳಲು ಅವಕಾಶವಿದೆ. ಉದ್ಯೋಗದ ಪುರಾವೆ ಬೇಕು, ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟಬೇಕು. ಅಂಡಮಾನಿನ ನಂತರ ಮತ್ತೆಲ್ಲಿಗೋ ವರ್ಗವಾಗುವ ಸಂಭವ ಇದ್ದರೆ ಇದೇ ಲೇಸು. ಪ್ರತಿ ಊರಿನಲ್ಲೂ ಎನ್‌ಒಸಿ, ಮರುನೋಂದಣಿ ಎಂದು ಓಡಾಡುವುದು ತಪ್ಪುತ್ತದೆ. ಮೂರು ವರ್ಷ ಕಳೆದು ತಿಪಟೂರಿಗೇ ವಾಪಸ್ ಎಂಬುದು ಖಚಿತವಿದ್ದರೂ ಎರಡು ಸಲ ಮರುನೋಂದಣಿ ಮಾಡಿಸುವುದಕ್ಕಿಂತ ಇದು ಹಗುರ.

ಇನ್ನು ವಿಮೆ. ಇದನ್ನು ದಯವಿಟ್ಟು ಎರಡು ಸಲ ಓದಿ. ನಿಮ್ಮ ಕಾರಿನ ಸಮಗ್ರ ವಿಮೆ, ಅಂದರೆ ಪ್ಯಾಕೇಜ್ ಪಾಲಿಸಿ, ಸಾಗಣೆಯಲ್ಲಿರುವ ವಾಹನಕ್ಕೂ ರಕ್ಷಣೆ ಕೊಡುತ್ತದೆ. ಆದರೆ ರಸ್ತೆ, ರೈಲು, ಒಳನಾಡಿನ ಜಲಮಾರ್ಗ, ಲಿಫ್ಟ್, ಎಲಿವೇಟರ್, ವಿಮಾನ ಎಂದಷ್ಟೇ ಅದರಲ್ಲಿ ಬರೆದಿರುತ್ತದೆ. ಆ ಪಟ್ಟಿಯಲ್ಲಿ ಸಮುದ್ರ ಇಲ್ಲ. ‘ಫುಲ್ ಇನ್ಶೂರೆನ್ಸ್ ಇದೆ’ ಎಂದು ನಂಬಿ ಕಳಿಸಿದರೆ, ಅಲೆಗೆ ಪಕ್ಕದ ಸರಕು ಜಾರಿ ಬಾಗಿಲು ಜಜ್ಜಿಹೋದಾಗ ಪರಿಹಾರ ಕೇಳಲು ಆಧಾರವೇ ಇರುವುದಿಲ್ಲ. ಅದಕ್ಕೇ ಪ್ರತ್ಯೇಕ ಮರೈನ್ ಕಾರ್ಗೊ ವಿಮೆ ಬೇಕು. ಷರತ್ತುಗಳಲ್ಲಿ ‘ಎ’ ವರ್ಗ ವ್ಯಾಪಕ ರಕ್ಷಣೆಯದು. ‘ಸಿ’ ವರ್ಗ ಅಗ್ಗ, ಆದರೆ ಬೆಂಕಿ, ಹಡಗು ಮುಳುಗುವುದು, ಡಿಕ್ಕಿ ಮುಂತಾದ ದೊಡ್ಡ ಅನಾಹುತಗಳಿಗಷ್ಟೇ. ಕಾರಿಗೆ ಸಾಮಾನ್ಯವಾಗಿ ಆಗುವ ನಷ್ಟ ಗೀರು, ಜಜ್ಜು, ಒಡೆದ ಗಾಜು. ಇವೆಲ್ಲ ‘ಸಿ’ಯಲ್ಲಿ ಬರುವುದಿಲ್ಲ. ‘ಎ’ ವರ್ಗವನ್ನೇ, ಮನೆಯಿಂದ ಮನೆಯವರೆಗೆ ಎಂದು ಬರೆಸಿ ತೆಗೆದುಕೊಳ್ಳಿ. ಕಾರು ಒಪ್ಪಿಸುವಾಗ ನಾಲ್ಕೂ ಕಡೆಯ, ಮೇಲ್ಛಾವಣಿಯ, ಕಿಲೋಮೀಟರ್ ಮೀಟರಿನ ಫೋಟೊ ತೆಗೆದು, ಈಗಾಗಲೇ ಇರುವ ಗೀರುಗಳನ್ನು ಪಟ್ಟಿ ಮಾಡಿ ಸಾಗಣೆದಾರರ ಸಹಿ ಪಡೆಯಿರಿ.

ಸಾಗಣೆಯ ದರ ಕೇಳುವಾಗ ಒಟ್ಟು ಮೊತ್ತ ಮಾತ್ರ ಕೇಳಿದರೆ ಮೋಸ ಹೋಗುತ್ತೀರಿ. ತಿಪಟೂರಿನಿಂದ ಚೆನ್ನೈ ಬಂದರಿನವರೆಗಿನ ಟ್ರಕ್, ಬಂದರಿನ ನಿರ್ವಹಣೆ, ಕಂಟೇನರಿಗೆ ಏರಿಸಿ ಕಟ್ಟುವ ಕೂಲಿ, ಹಡಗಿನ ಬಾಡಿಗೆ, ಕಾಗದಪತ್ರದ ಶುಲ್ಕ, ಶ್ರೀ ವಿಜಯ ಪುರಂನಲ್ಲಿ ಇಳಿಸಿ ಹೊರತರುವ ಖರ್ಚು, ಎಲ್ಲವನ್ನೂ ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಹೊರಡುವಾಗ ಅಗ್ಗವೆನಿಸಿದ ದರದಲ್ಲಿ ಆಚೆ ದಡದ ಖರ್ಚು ಸೇರಿರುವುದೇ ಇಲ್ಲ. (ಪೋರ್ಟ್ ಬ್ಲೇರ್‌ಗೆ 2024ರ ಸೆಪ್ಟೆಂಬರ್‌ನಿಂದ ಶ್ರೀ ವಿಜಯ ಪುರಂ ಎಂಬ ಹೆಸರು. ಕಾಗದಗಳಲ್ಲಿ ಎರಡೂ ಕಂಡರೆ ಗಾಬರಿಯಾಗಬೇಡಿ.)

20 ಅಡಿ ಕಂಟೇನರಿನ ಒಳಗಿನ ಉದ್ದ ಸುಮಾರು 5.9 ಮೀಟರ್, ಬಾಗಿಲಿನ ಅಗಲ ಸುಮಾರು 2.3 ಮೀಟರ್. ನಾಲ್ಕು ಮೀಟರಿನ ನಿಮ್ಮ ಕಾರು ಕೂತು ಉಳಿದ ಜಾಗದಲ್ಲಿ ಸ್ಕೂಟರೂ ಹಿಡಿಯುತ್ತದೆ. ಕಾರನ್ನು ಅಲುಗದಂತೆ ಕಟ್ಟುವ ಪಟ್ಟಿಗಳನ್ನು ಚಕ್ರಗಳಿಗೇ ಬಿಗಿಯಬೇಕು. ಸಸ್ಪೆನ್ಷನ್ ತೋಳುಗಳಿಗೆ ಕಟ್ಟಿದರೆ ಮೂರು ನಾಲ್ಕು ದಿನದ ತೊಯ್ದಾಟಕ್ಕೆ ಬುಷ್‌ಗಳು ಹರಿದು ಅಲೈನ್‌ಮೆಂಟ್ ತಪ್ಪುತ್ತದೆ. ಟ್ಯಾಂಕಿನಲ್ಲಿ ಬಂದರಿನೊಳಗೆ ಓಡಾಡುವಷ್ಟೇ ಪೆಟ್ರೋಲ್ ಇರಲಿ. ಹತ್ತಿಸಿದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಸಿ. ಗೇರಿನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಮರದ ಅಡ್ಡಗಟ್ಟೆ ಕೊಡಬೇಕು. ಉಪ್ಪುಗಾಳಿಯಲ್ಲಿ ವಾರಗಟ್ಟಲೆ ನಿಂತರೆ ಹಿಂದಿನ ಬ್ರೇಕ್ ಶೂ ಡ್ರಮ್ಮಿಗೆ ಅಂಟಿಕೊಳ್ಳುವುದುಂಟು. ಆಗ ಇಂಜಿನ್ ಬಲದಿಂದ ಎಳೆಯಬೇಡಿ, ಹ್ಯಾಂಡ್‌ಬ್ರೇಕ್ ಬಿಟ್ಟು ಹಿಂದೆ ಮುಂದೆ ಮೆಲ್ಲಗೆ ಅಲುಗಾಡಿಸಿ ಬಿಡಿಸಿ. ಟ್ರಕ್ಕಿನ ಮೇಲೆ ಹೋಗುವಾಗ ಟೋಲ್‌ಗಳಲ್ಲಿ ನಿಮ್ಮ ಫಾಸ್ಟ್ಯಾಗ್‌ನಿಂದ ಹಣ ಕಡಿತವಾಗಬಹುದು, ಅದರ ಮೇಲೆ ಅಲ್ಯೂಮಿನಿಯಂ ಹಾಳೆ ಮುಚ್ಚಿ.

ತುಕ್ಕು ತಡೆಯುವ ಕೆಲಸ ಇಲ್ಲಿಂದಲೇ ಆಗಬೇಕು. ಅಂಡಮಾನಿನಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ, ತುಮಕೂರು ಜಿಲ್ಲೆಯ ಮಳೆಗೆ ಹೋಲಿಸಿದರೆ ನಾಲ್ಕು ಪಟ್ಟಿಗೂ ಮೇಲು. ಗಾಳಿಯಲ್ಲಿ ಉಪ್ಪು ಬೇರೆ. ಕೆಳಭಾಗವನ್ನು ತೊಳೆಸಿ, ಎರಡು ದಿನ ಬಿಸಿಲಿಗೆ ಒಣಗಿಸಿ, ಆಮೇಲೆ ಲೇಪ ಹಾಕಿಸಿ. ತೇವವಿರುವ ಮಣ್ಣಿನ ಮೇಲೆಯೇ ದಪ್ಪ ಲೇಪ ಬಳಿದರೆ ನೀರು ಒಳಗೇ ಉಳಿದು, ಹೊರಗೆ ಕಾಣದಂತೆ ತಗಡು ತಿನ್ನುತ್ತದೆ. ಬಾಗಿಲುಗಳ ಕೆಳಗಿನ ನೀರು ಹರಿಯುವ ತೂತುಗಳನ್ನು ಲೇಪ ಮುಚ್ಚಿಲ್ಲವೆಂದು ಕಡ್ಡಿ ತೂರಿಸಿ ನೋಡಿಕೊಳ್ಳಿ.

ಪ್ರಶ್ನೆ: ಗಂಡ ಹೆಂಡತಿ ಇಬ್ಬರಿಗೂ ಇಂಗ್ಲೆಂಡಿನಲ್ಲಿ ಕೆಲಸ ಸಿಕ್ಕಿದೆ. ಕೆಎ-08 ನೋಂದಣಿಯ ಎರಡು ವರ್ಷದ ಕಾರು ಅಚ್ಚುಮೆಚ್ಚಿನದು. ಅಲ್ಲೂ ಎಡಬದಿಯಲ್ಲೇ ಓಡಿಸುವುದರಿಂದ ಒಯ್ಯಬಹುದೆ?
– ಕೆಜಿಎಫ್‌ನ ಓದುಗರು

ಉತ್ತರ: ಸುಂಕದ ಮಟ್ಟಿಗೆ ನಿಮ್ಮ ದಾರಿ ಸಲೀಸು, ತೊಡಕಿರುವುದು ತಪಾಸಣೆಯಲ್ಲಿ. ಮಾಮೂಲಿ ಲೆಕ್ಕದಲ್ಲಿ ಅಲ್ಲಿ ಕಾರಿಗೆ ಶೇ. 10 ಸುಂಕ, ಸುಂಕ ಸೇರಿದ ಮೊತ್ತದ ಮೇಲೆ ಶೇ. 20 ವ್ಯಾಟ್. ಹಡಗಿನ ಬಾಡಿಗೆ, ವಿಮೆ ಸೇರಿ ಮೌಲ್ಯ 5,000 ಪೌಂಡ್ ಎಂದರೆ ಸುಂಕ 500, ವ್ಯಾಟ್ 1,100, ಒಟ್ಟು 1,600 ಪೌಂಡ್. ಆದರೆ ವಾಸ ಬದಲಾಯಿಸಿ ಬರುವವರಿಗೆ ಪೂರ್ತಿ ವಿನಾಯಿತಿ ಇದೆ. 12 ತಿಂಗಳು ಆ ದೇಶದ ಹೊರಗೆ ವಾಸವಿದ್ದು, ಕಾರನ್ನು ಕನಿಷ್ಠ 6 ತಿಂಗಳು ಸ್ವಂತಕ್ಕಾಗಿ ಬಳಸಿರಬೇಕು. ಒಯ್ದ ಮೇಲೆ 12 ತಿಂಗಳು ಮಾರುವಂತಿಲ್ಲ, ಬಾಡಿಗೆಗೂ ಎರವಲಿಗೂ ಕೊಡುವಂತಿಲ್ಲ. ಇದಕ್ಕೆ ‘ಟಿಒಆರ್ 1’ ಅರ್ಜಿ ಹಾಕಿ, ಒಪ್ಪಿಗೆ ಸಂಖ್ಯೆ ಬಂದ ಮೇಲೆಯೇ ಕಾರು ಕಳಿಸಿ. ಸಂಖ್ಯೆಗೆ ಮೊದಲು ಕಂಟೇನರ್ ತಲುಪಿದರೆ ಬಂದರಿನ ದಿನಬಾಡಿಗೆ ಏರುತ್ತಾ ಹೋಗುತ್ತದೆ. ಕಾರು ಅಲ್ಲಿ ಮುಟ್ಟಿದ 14 ದಿನಗಳೊಳಗೆ ತೆರಿಗೆ ಇಲಾಖೆಗೆ ‘ನೋವಾ’ ಎಂಬ ತಿಳಿವಳಿಕೆ ಕೊಡಬೇಕು. ಅದಿಲ್ಲದೆ ನೋಂದಣಿ ಆಗುವುದಿಲ್ಲ.

ಕಷ್ಟ ಬರುವುದು ಆಮೇಲೆ. 10 ವರ್ಷದೊಳಗಿನ ಕಾರು ಅಲ್ಲಿಯ ವಾಹನ ಅನುಮೋದನೆ ಪಡೆಯಲೇಬೇಕು. ಸ್ಪೀಡೋಮೀಟರಿನಲ್ಲಿ ಮೈಲಿ ಕಾಣಬೇಕು, ಹಿಂದೆ ಮಂಜಿನ ದೀಪ ಬೇಕು, ಹೊಗೆಯ ಮಟ್ಟಕ್ಕೆ ಒಪ್ಪುವಂಥ ಪುರಾವೆ ಬೇಕು. ಮೊದಲೆರಡನ್ನು ಮೆಕ್ಯಾನಿಕ್ ಸರಿಮಾಡಿಯಾನು. ಭಾರತದ ಮಾರುಕಟ್ಟೆಗೆಂದೇ ತಯಾರಾದ ಮಾದರಿಗೆ ಮೂರನೆಯದನ್ನು ಒದಗಿಸುವುದೇ ದೊಡ್ಡ ತಲೆನೋವು. ಬಿಡಿಭಾಗಗಳಿಗೂ ಊರಿನ ಕಡೆಯೇ ಕೈಚಾಚಬೇಕು. ಎಷ್ಟೇ ಅಕ್ಕರೆಯ ಕಾರಾದರೂ ಇಲ್ಲೇ ಮಾರಿ ಹೋಗಿ ಎಂಬುದು ನಮ್ಮ ಸ್ಪಷ್ಟ ಸಲಹೆ. ನಿಮ್ಮ ಭಾರತದ ಲೈಸೆನ್ಸಿನ ಮೇಲೆ ಅಲ್ಲಿ ವಾಸಕ್ಕೆ ನಿಂತ ದಿನದಿಂದ 12 ತಿಂಗಳು ಗಾಡಿ ಓಡಿಸಬಹುದು. ಅಷ್ಟರೊಳಗೆ ಅಲ್ಲಿಯ ಪರೀಕ್ಷೆ ಪಾಸು ಮಾಡಿಕೊಳ್ಳಿ.

ಪ್ರಶ್ನೆ: ಮಗಳು ಸಿಂಗಪುರದಲ್ಲಿದ್ದಾಳೆ. ನಾವು ಇಲ್ಲಿ ಹೊಸ ಕಾರು ಕೊಂಡು ವರ್ಷ ತುಂಬಿದೆ. ಅವಳಿಗೆ ಕಳಿಸಿಕೊಟ್ಟರೆ ಅಲ್ಲಿ ಕೊಳ್ಳುವುದಕ್ಕಿಂತ ಅಗ್ಗವಾಗುತ್ತದೆಯೆ?
– ಚಿಂತಾಮಣಿಯ ಓದುಗರು

ಉತ್ತರ: ಆಗುವುದಿಲ್ಲ. ಅಲ್ಲಿ ಕಾರಿನ ಬೆಲೆಗಿಂತ ಅದನ್ನು ರಸ್ತೆಗಿಳಿಸುವ ಹಕ್ಕಿನ ಬೆಲೆಯೇ ದೊಡ್ಡದು. ಸಾಗಣೆ ಸೇರಿ ಕಾರಿನ ಮೌಲ್ಯವನ್ನು 15,000 ಸಿಂಗಪುರ ಡಾಲರ್ ಎಂದು ಕಟ್ಟಿದರು ಅನ್ನಿ. ಶೇ. 20ರಂತೆ ಅಬಕಾರಿ ಸುಂಕ 3,000. ಎರಡೂ ಸೇರಿದ 18,000ದ ಮೇಲೆ ಶೇ. 9 ಜಿಎಸ್‌ಟಿ, 1,620. ಮೊದಲ 20,000 ಡಾಲರ್ ಮೌಲ್ಯಕ್ಕೆ ನೂರಕ್ಕೆ ನೂರರಂತೆ ಹೆಚ್ಚುವರಿ ನೋಂದಣಿ ಶುಲ್ಕ, ಅದು 15,000. ಬಳಸಿದ ಕಾರೆಂಬ ಕಾರಣಕ್ಕೆ 10,000, ನೋಂದಣಿಗೆ 350. ಇಲ್ಲಿಗೇ 29,970 ಡಾಲರ್, ಅಂದರೆ ಕಾರಿನ ಮೌಲ್ಯದ ಎರಡು ಪಟ್ಟು. ಇದಾದ ಮೇಲೆ ಹರಾಜಿನಲ್ಲಿ ‘ಸಿಒಇ’ ಎಂಬ 10 ವರ್ಷದ ಪರವಾನಗಿ ಗೆಲ್ಲಬೇಕು. 2025ರಲ್ಲಿ ಸಣ್ಣ ಕಾರುಗಳ ವರ್ಗದಲ್ಲೂ ಅದು ಒಂದು ಲಕ್ಷ ಡಾಲರ್ ಮುಟ್ಟಿ ದಾಟಿತು. ಮೂರು ವರ್ಷ ದಾಟಿದ ಮಾಮೂಲಿ ಕಾರಿಗಂತೂ ಪ್ರವೇಶವೇ ಇಲ್ಲ.

ಪ್ರಶ್ನೆ: ಎಂಟು ವರ್ಷ ಬಹ್ರೇನ್‌ನಲ್ಲಿದ್ದ ತಮ್ಮ ಶಾಶ್ವತವಾಗಿ ಊರಿಗೆ ಬರುತ್ತಿದ್ದಾನೆ. ಅಲ್ಲಿಯ ಕಾರನ್ನು ತರಬಹುದೆ? ಸಿಂಗಪುರದಲ್ಲಿರುವ ಅವನ ಭಾವಮೈದುನನಿಗೂ ಇದೇ ಆಸೆ.
– ಗೌರಿಬಿದನೂರಿನ ಓದುಗರು

ಉತ್ತರ: ಬಹ್ರೇನ್‌ನ ಕಾರಿನಲ್ಲಿ ಸ್ಟೇರಿಂಗ್ ಎಡಕ್ಕಿರುತ್ತದೆ. ಭಾರತಕ್ಕೆ ತರುವ ಬಳಸಿದ ಕಾರಿನಲ್ಲಿ ಅದು ಬಲಕ್ಕೇ ಇರಬೇಕು. ಆದ್ದರಿಂದ ತಮ್ಮನವರು ಅಲ್ಲೇ ಮಾರಿ ಬರಲಿ.

ಸಿಂಗಪುರದ ಕಾರಿಗೆ ಸ್ಟೇರಿಂಗ್ ತೊಡಕಿಲ್ಲ. ಆದರೆ ತಯಾರಾದ ದಿನದಿಂದ ಮೂರು ವರ್ಷ ದಾಟಿರಬಾರದು, ಬಳಸಿದ ಕಾರು ಇಳಿಯಬೇಕಾದದ್ದು ಮುಂಬೈ ಬಂದರಿನಲ್ಲೇ. ಮನೆ ಸಾಮಾನಿಗೆ ಸಿಗುವ ವಿನಾಯಿತಿ ಕಾರಿಗೆ ಸಿಗುವುದಿಲ್ಲ. 2025ರ ಬಜೆಟ್ಟಿನಲ್ಲಿ ‘ಬಳಸಿದ ಕಾರಿನ ಸುಂಕ 125ರಿಂದ 70ಕ್ಕೆ ಇಳಿಯಿತು’ ಎಂಬ ಸುದ್ದಿ ಓದಿ ಹಿಗ್ಗಿದವರುಂಟು. ಇಳಿದದ್ದು ಮೂಲ ಸುಂಕ ಮಾತ್ರ. ಜೊತೆಗೆ ಶೇ. 67.5 ಕೃಷಿ ಮೂಲಸೌಕರ್ಯ ಸೆಸ್ ಸೇರಿ ಹೊರೆ ಮೊದಲಿದ್ದ ಶೇ. 137.5ರಲ್ಲೇ ನಿಂತಿದೆ. ಮೌಲ್ಯ ಕಟ್ಟುವಾಗ ಹೊಸ ಕಾರಿನ ಬೆಲೆಯಿಂದ ಸವಕಳಿ ಕಳೆಯುತ್ತಾರೆ: ಮೊದಲ ವರ್ಷ ಪ್ರತಿ ಮೂರು ತಿಂಗಳಿಗೆ ಶೇ. 4, ಎರಡನೆಯ ವರ್ಷ ಶೇ. 3, ಮೂರನೆಯ ವರ್ಷ ಶೇ. 2.5. ಎರಡು ವರ್ಷ ತುಂಬಿದ್ದರೆ ಒಟ್ಟು ಶೇ. 28.

ಹೀಗೆ ಕಳೆದು, ಸಾಗಣೆ ವಿಮೆ ಸೇರಿಸಿ ಮೌಲ್ಯ 15 ಲಕ್ಷ ರೂಪಾಯಿ ಬಂತೆನ್ನಿ. ಸುಂಕ, ಸೆಸ್ ಸೇರಿ 20,62,500. ಮೊತ್ತ 35,62,500 ಆಯಿತು. ದೊಡ್ಡ ಕಾರಾದರೆ ಅದರ ಮೇಲೆ ಶೇ. 40 ಜಿಎಸ್‌ಟಿ, 14,25,000. ಈ ದರ 2025ರ ಸೆಪ್ಟೆಂಬರ್ 22ರಿಂದ ಜಾರಿಯಲ್ಲಿದೆ. ಬಂದರಿನಲ್ಲಿ ಕಟ್ಟುವುದೇ 34,87,500 ರೂಪಾಯಿ. ಕಾರು ಚಿಕ್ಕಬಳ್ಳಾಪುರ ಆರ್‌ಟಿಒ ಕಚೇರಿ ತಲುಪಿದ ಮೇಲೆ ಕರ್ನಾಟಕದ ಆಜೀವ ತೆರಿಗೆ ಬೇರೆ, 20 ಲಕ್ಷದ ಮೇಲಿನ ಕಾರಿಗೆ ಅದು ಶೇ. 18.